ಆಸ್ಪತ್ರೆ ಸರ್ಕಾರದ್ದು, ಬಾಕಿ ಯಾರದು?

ಸರ್ಕಾರಿ ಆಸ್ಪತ್ರೆಯ ಕಟ್ಟಡಕ್ಕೆ ಸರಕು ಪೂರೈಸುವ ಅವಕಾಶ ದೊರೆತಾಗ ಸಣ್ಣ ಉದ್ದಿಮೆದಾರರು ಸಂತೋಷಪಡುವುದು ಸಹಜ. ಹಣ ತಡವಾದೀತು, ಆದರೆ ಮುಳುಗದು ಎಂಬುದು ವ್ಯಾಪಾರಿ ವಲಯದ ರೂಢಿಯ ನಂಬಿಕೆ. ಆದರೆ ಬಾಗಿಲು, ವಿದ್ಯುತ್ ಫಲಕ, ಆಮ್ಲಜನಕದ ತಾಮ್ರದ ಕೊಳವೆ ಮುಂತಾದವುಗಳನ್ನು ಒದಗಿಸುವವರಲ್ಲಿ ಅನೇಕರ ಕರಾರು ಇರುವುದು ಮುಖ್ಯ ಗುತ್ತಿಗೆದಾರನೊಡನೆ. ಅವರಿಗೆ ಹಣ ಕೊಡಬೇಕಾದವನು ಆತನೇ ಹೊರತು ಸರ್ಕಾರವಲ್ಲ. ಈ ವ್ಯತ್ಯಾಸದ ಬೆಲೆ ಎಷ್ಟೆಂಬುದನ್ನು ಬ್ರಿಟನ್ನಿನ ಪ್ರಕರಣವೊಂದು ತೋರಿಸಿಕೊಟ್ಟಿದೆ.

ಲಿವರ್‌ಪೂಲಿನ ಪಾಠ

ಲಿವರ್‌ಪೂಲ್ ನಗರದಲ್ಲಿ 646 ಹಾಸಿಗೆಗಳ ಹೊಸ ಸಾರ್ವಜನಿಕ ಆಸ್ಪತ್ರೆಯನ್ನು 33.5 ಕೋಟಿ ಪೌಂಡ್ ವೆಚ್ಚದಲ್ಲಿ ಕಟ್ಟುವ ಕರಾರಿಗೆ 2013ರಲ್ಲಿ ಸಹಿಯಾಯಿತು. ನಿರ್ಮಾಣದ ಹೊಣೆ ಹೊತ್ತ ಸಂಸ್ಥೆ ಕ್ಯಾರಿಲಿಯನ್. 2017ರ ಮಾರ್ಚ್‌ನಲ್ಲಿ ಮುಗಿಯಬೇಕಿದ್ದ ಕೆಲಸ ತೊಲೆಗಳಲ್ಲಿ ಕಂಡ ಬಿರುಕು ಮೊದಲಾದ ಕಾರಣಗಳಿಂದ ಹಿಂದುಳಿಯಿತು. ಅದೇ ಜುಲೈನಲ್ಲಿ ಸಂಸ್ಥೆಯು ತನ್ನ ಹಲವು ಗುತ್ತಿಗೆಗಳ ಮೌಲ್ಯದಲ್ಲಿ 84.5 ಕೋಟಿ ಪೌಂಡ್ ಕಡಿತವನ್ನು ಘೋಷಿಸಿತು. 2018ರ ಜನವರಿ 15ರಂದು ದಿವಾಳಿಯೆದ್ದಾಗ ಅದರ ಹೊಣೆಗಾರಿಕೆ ಸುಮಾರು 700 ಕೋಟಿ ಪೌಂಡ್. ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್ ಮಾತ್ರ.

ಸುಮಾರು 30,000 ಪೂರೈಕೆದಾರರು ಮತ್ತು ಉಪಗುತ್ತಿಗೆದಾರರು ಈ ಸಂಸ್ಥೆಯನ್ನು ನಂಬಿದ್ದರು. ಶೀಘ್ರ ಪಾವತಿಯ ಸಂಹಿತೆಗೆ ಸಹಿ ಹಾಕಿದ್ದರೂ ಅದರ ಸಾಮಾನ್ಯ ಪಾವತಿ ಅವಧಿ 120 ದಿನಗಳಾಗಿತ್ತು. ಬೇಗ ಬೇಕೆನ್ನುವವರು ಶುಲ್ಕ ತೆತ್ತು ಬ್ಯಾಂಕಿನ ಮೂಲಕ ಪಡೆಯಬೇಕಿತ್ತು. ಆಸ್ಪತ್ರೆಯನ್ನು ಸರ್ಕಾರವು ಸಾರ್ವಜನಿಕ ಹಣದಿಂದ ಪೂರ್ಣಗೊಳಿಸಿತು. 2022ರಲ್ಲಿ ಅದು ತೆರೆಯಿತು. ಬರ್ಮಿಂಗ್‌ಹ್ಯಾಮ್ ಬಳಿ ಇದೇ ಸಂಸ್ಥೆ ಕಟ್ಟುತ್ತಿದ್ದ ಇನ್ನೊಂದು ಆಸ್ಪತ್ರೆ ತೆರೆದದ್ದು 2024ರಲ್ಲಿ. ಕಟ್ಟಡಗಳು ಉಳಿದವು. ಹಳೆಯ ಬಿಲ್ಲುಗಳನ್ನು ಹಿಡಿದವರು ಮಾತ್ರ ಭದ್ರತೆಯಿಲ್ಲದ ಹಕ್ಕುದಾರರ ಸಾಲಿನಲ್ಲಿ ನಿಂತರು.

ನಾವು ವಹಿಸಬೇಕಾದ ಎಚ್ಚರ

1. ಮಿತಿ: ತಿಂಗಳಿಗೆ 5 ಲಕ್ಷ ರೂ. ಸರಕನ್ನು 120 ದಿನಗಳ ಉದ್ರಿಯಲ್ಲಿ ಕೊಡುವವರ 20 ಲಕ್ಷ ರೂ. ಸದಾ ಹೊರಗಿರುತ್ತದೆ. ಇದಕ್ಕೆ ತಡೆಹಿಡಿದ ಶೇಕಡಾವಾರು ಮೊತ್ತ ಮತ್ತು ತಯಾರಾಗಿ ಗೋದಾಮಿನಲ್ಲಿರುವ ಮಾಲನ್ನೂ ಸೇರಿಸಬೇಕು. ಈ ಒಟ್ಟು ಮೊತ್ತ ಕೈಬಿಟ್ಟರೂ ಉದ್ದಿಮೆ ನಿಲ್ಲಬಲ್ಲುದೇ ಎಂಬುದೇ ಮೊದಲ ಪ್ರಶ್ನೆ.

2. ಮುಂಗಡ: ಒಂದೇ ಆಸ್ಪತ್ರೆಯ ಅಳತೆಗೆ ತಯಾರಿಸಿದ ವಸ್ತುವನ್ನು ಬೇರೆಡೆ ಮಾರುವುದು ಕಷ್ಟ. ಅಂತಹ ಬೇಡಿಕೆಗೆ ಕಚ್ಚಾ ಮಾಲಿನ ಬೆಲೆಯಷ್ಟಾದರೂ ಮುಂಗಡ ಪಡೆಯುವುದು ಕ್ಷೇಮ.

3. ವಿಳಂಬ: ಕಟ್ಟಡ ತಡವಾದರೆ ಉಕ್ಕು, ತಾಮ್ರಗಳ ದರವೇರಿಕೆ ಯಾರ ಪಾಲು, ಖಾತರಿಯ ಅವಧಿ ಪೂರೈಕೆಯ ದಿನದಿಂದಲೇ ಅಥವಾ ಉದ್ಘಾಟನೆಯ ದಿನದಿಂದಲೇ ಎಂಬುದು ಕರಾರಿನಲ್ಲಿ ಸ್ಪಷ್ಟವಿರಲಿ.

4. ಕಾನೂನು: 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದಂತೆ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಸರಕು ಸ್ವೀಕರಿಸಿದ 45 ದಿನಗಳೊಳಗೆ ಪಾವತಿ ಆಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಖರೀದಿದಾರನು 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಸರಕು ತಲುಪಿದ ದಿನವೇ ಸ್ವೀಕಾರದ ದಿನ. ಆದ್ದರಿಂದ ಸಹಿ, ಮೊಹರು, ದಿನಾಂಕಗಳಿರುವ ಡೆಲಿವರಿ ಚಲನ್‌ಗೆ ಬಹಳ ಬೆಲೆಯಿದೆ. 2021ರಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯನ್ನು ತೆರೆದಾಗ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಲಾಯಿತು. ಆದುದರಿಂದ ವ್ಯಾಪಾರಿಗಳು ತಮ್ಮ ರಕ್ಷಣೆಯನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು.

ಕಾನೂನಿನ ಬಡ್ಡಿಯೂ ದಿವಾಳಿಯೆದ್ದವನಿಂದ ಬಾರದು. ಗುತ್ತಿಗೆದಾರನು ಉದ್ರಿಯ ಅವಧಿಯನ್ನು ಹಿಗ್ಗಿಸತೊಡಗಿದರೆ, ಇಲಾಖೆಯಿಂದ ಬಂದ ಮೇಲೆ ಕೊಡುವೆನೆಂದರೆ, ಹಳೆಯ ಬಾಕಿ ತೀರಿಸದೆ ದೊಡ್ಡ ಬೇಡಿಕೆ ಇಟ್ಟರೆ, ಮುಂದಿನ ಲೋಡನ್ನು ತಡೆದು ಲೆಕ್ಕ ಚುಕ್ತಾ ಮಾಡಿಕೊಳ್ಳುವುದೇ ವಿವೇಕ. ಒಬ್ಬ ಗಿರಾಕಿ ಕೈತಪ್ಪಿದರೆ ಇನ್ನೊಬ್ಬನನ್ನು ಹುಡುಕಬಹುದು. ಬಂಡವಾಳವೇ ಕರಗಿದರೆ ಅಂಗಡಿಯ ಬಾಗಿಲು ತೆರೆಯುವುದೇ ದುಸ್ತರವಾಗುತ್ತದೆ.