ರುಮಾಲಿನೊಳಗಿನ ಹೆರಳು

ಧಾರಾವಾಹಿ ಕಾದಂಬರಿಗಳನ್ನು ವಾರವಾರವೂ ಓದುತ್ತ ಬಂದ ವಾಚಕರಿಗೆ ಈ ಸನ್ನಿವೇಶ ಹೊಸದಲ್ಲ. ಕಾಡಿನ ದಾರಿ, ಕುದುರೆಯ ಮೇಲೆ ಒಬ್ಬ ಎಳೆಯ ಸವಾರ. ಮೀಸೆ ಇನ್ನೂ ಮೂಡಿಲ್ಲ, ದನಿ ಇನ್ನೂ ಒಡೆದಿಲ್ಲ. ಕತ್ತಿ ಹಿಡಿದ ಕೈ ಮಾತ್ರ ನಡುಗದು. ಕಾಳಗದ ನಡುವೆ ಶತ್ರುವಿನ ಅಲಗಿನ ಮೊನೆ ತಗಲಿ ರುಮಾಲು ಜಾರುತ್ತದೆ. ಮಾರುದ್ದದ ಹೆರಳು ಬೆನ್ನಮೇಲೆ ಇಳಿದುಬೀಳುತ್ತದೆ. 'ಮುಂದಿನ ಸಂಚಿಕೆಗೆ' ಎಂಬ ಮಾತು ಸರಿಯಾಗಿ ಅಲ್ಲಿಯೇ ಬಂದು ಕೂಡುತ್ತದೆ!

ಈ ಉಪಾಯ ಎಷ್ಟು ಹಳೆಯದೆಂಬುದನ್ನು ಎಲ್ಲರೂ ಬಲ್ಲರು. ಆದರೂ ಓದುಗನ ಎದೆ ಪ್ರತಿಸಲವೂ ಹಾರುತ್ತದೆ. ಬರಿಯ ಕುತೂಹಲವೇ ಇದಕ್ಕೆ ಕಾರಣವಾಗಿದ್ದರೆ ಎರಡನೆಯ ಕಥೆಯಲ್ಲಿಯೇ ಅದರ ಸೊಗಸು ತೀರಿಹೋಗಬೇಕಾಗಿತ್ತು. ಕಾರಣ ಬೇರೆ ಇದೆ. ಕಥಾನಾಯಿಕೆ ಗಂಡುಡುಗೆಯನ್ನು ತೊಟ್ಟಳೆಂದರೆ, ಸೀರೆಯುಟ್ಟವಳಿಗೆ ಲೋಕವು ಮಾಡಗೊಡದ ಯಾವುದೋ ಒಂದು ಕೆಲಸ ಅವಳಿಗೆ ಒದಗಿದೆ ಎಂದೇ ಅರ್ಥ. ಆ ಕೆಲಸವಾವುದು? ಅದನ್ನು ತಡೆದವರು ಯಾರು? ಹೆರಳು ಕಂಡಮೇಲೆ ಕತ್ತಿಯನ್ನು ಅವಳ ಕೈಯಲ್ಲಿಯೇ ಬಿಡುತ್ತಾರೆಯೆ, ಕಸಿದುಕೊಳ್ಳುತ್ತಾರೆಯೆ? ಈ ಮೂರು ಪ್ರಶ್ನೆಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಇಂಥ ಕಥೆಗಳ ಬೆಲೆ ತಾನಾಗಿ ತಿಳಿದುಬರುತ್ತದೆ.

ಗುತ್ತಲದ ನೆರೆಯಲ್ಲಿ

ಕಥೆಯ ಮುಂದಿನ ಕಂತಿಗಾಗಿ ಕಾದು ಕುಳಿತುಕೊಳ್ಳುವ ಅಭ್ಯಾಸವನ್ನು ಉತ್ತರ ಕರ್ನಾಟಕದ ಮನೆಗಳಿಗೆ ಹಚ್ಚಿದವರಲ್ಲಿ ಅಗ್ರಗಣ್ಯರು ಹಾವೇರಿ ಸೀಮೆಯವರೇ ಆಗಿದ್ದಾರೆ. ಗುತ್ತಲಕ್ಕೆ ಅಷ್ಟೇನೂ ದೂರವಲ್ಲದ, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿ 'ಗಳಗನಾಥ'ರೆಂದು ಪ್ರಸಿದ್ಧರಾದರು. ಹಾವೇರಿಯ ಬಳಿಯ ಅಗಡಿಯ ಆನಂದವನದಿಂದ 1907ರಲ್ಲಿ ಹೊರಡತೊಡಗಿದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯು ಅವರ ಲೇಖನಿಯ ಬಲದಿಂದ ಮನೆಮಾತಾಯಿತು. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಅವರು ಊರೂರು ತಿರುಗಿ ಮಾರುತ್ತಿದ್ದರೆಂದು ಇಂದಿಗೂ ಹೇಳುವುದುಂಟು.

ಅವರ ಕಾದಂಬರಿಗಳ ಹೆಸರುಗಳನ್ನೇ ನೋಡಬಹುದು: 'ಪ್ರಬುದ್ಧ ಪದ್ಮನಯನೆ', 'ಕಮಲಕುಮಾರಿ', 'ಕುಮುದಿನಿ'. ರಾಜ್ಯಗಳು ಏಳುವ, ಬೀಳುವ ಕಥೆಗಳಿಗೂ ಹೆಣ್ಣಿನ ಹೆಸರೇ ಬಾಗಿಲ ತೋರಣವಾಯಿತು. ಅಂಥ ಪುಸ್ತಕ ಪಡಸಾಲೆಯಲ್ಲಿಯೇ ನಿಂತಿರಲಾರದು. ಅಡಿಗೆಯ ಮನೆಗೂ ಹೋಗಿರಲೇಬೇಕು. ಹೊಸ್ತಿಲು ದಾಟಲು ಹತ್ತು ಜನರ ಅಪ್ಪಣೆ ಬೇಕಾಗಿದ್ದ ಆ ಕಾಲದಲ್ಲಿ, ಅಕ್ಷರ ಬಲ್ಲ ಹುಡುಗಿಗೆ ಕಾದಂಬರಿಯೇ ಕುದುರೆಯಾಯಿತೆಂದರೆ ಅತಿಶಯೋಕ್ತಿಯಲ್ಲ.

ಶಾಂತಿ ನವೀನಾನಂದಳಾದುದು

ಅದೇ ಯುಗದಲ್ಲಿ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ವಂಗದೇಶದ ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಮೇಲೊಂದರಂತೆ ಕನ್ನಡಕ್ಕೆ ತಂದರು. ಅವುಗಳಲ್ಲಿ 'ಆನಂದಮಠ'ವೂ ಒಂದು. ಬಂಗಾಲಿಯಲ್ಲಿ 1882ರಲ್ಲಿ ಪುಸ್ತಕವಾಗಿ ಪ್ರಕಟವಾದ ಈ ಕಾದಂಬರಿಯ ಶಾಂತಿಯು, ಪುರುಷವೇಷದ ನಾಯಿಕೆಯರಲ್ಲಿ ನಮ್ಮವರಿಗೆ ಅತ್ಯಂತ ಪರಿಚಿತಳು.

ತಾಯಿಯಿಲ್ಲದ ಶಾಂತಿ, ಪಂಡಿತನಾದ ತಂದೆಯ ಪಾಠಶಾಲೆಯಲ್ಲಿ ಹುಡುಗರ ನಡುವೆ ಹುಡುಗನಂತೆಯೇ ಬೆಳೆದವಳು. ಮದುವೆಯಾದ ಮೇಲೆ ಅತ್ತೆಯ ಮನೆಯ ಕಟ್ಟುಪಾಡು ಅವಳಿಗೆ ಒಗ್ಗಲಿಲ್ಲ. ಗಂಡ ಜೀವಾನಂದನು ಸಂತಾನವ್ರತವನ್ನು ಕೈಕೊಂಡು ಮಠ ಸೇರಿದಾಗ, ಹೆಂಡತಿಯ ಮುಖ ನೋಡಬಾರದೆಂಬುದು ಆ ವ್ರತದ ನಿಯಮ. ಶಾಂತಿ ಅಳುತ್ತ ಕೂಡಲಿಲ್ಲ. ತರುಣ ಸಂನ್ಯಾಸಿಯ ವೇಷದಿಂದ ತಾನೂ ಮಠಕ್ಕೆ ಬಂದಳು. ಗುರು ಸತ್ಯಾನಂದರ ಕಣ್ಣನ್ನು ವೇಷ ಮರೆಸಲಿಲ್ಲ; ಹೆಂಗಸಿಗೆ ಇಲ್ಲಿ ಸ್ಥಳವಿಲ್ಲವೆಂದರು. ಆಗ ಮಠದಲ್ಲಿ ನಾಲ್ವರಿಗಲ್ಲದೆ ಇತರರಿಗೆ ಬಗ್ಗದ ಲೋಹದ ಬಿಲ್ಲಿಗೆ ಅವಳು ಹೆದೆಯೇರಿಸಿ ಕೊಟ್ಟಳು. ಗುರು ಬೆರಗಾದರು. ಅವಳು 'ನವೀನಾನಂದ'ನೆಂಬ ಹೆಸರಿನಿಂದ ಮಠದಲ್ಲಿ ಉಳಿದಳು.

ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ಶಾಂತಿಯ ಗುಟ್ಟು ಕಥೆಯ ಕೊನೆಯವರೆಗೆ ಕಾಯುವುದಿಲ್ಲ. ಮಠದ ಬಾಗಿಲಲ್ಲಿಯೇ ಒಡೆಯುತ್ತದೆ. ಅವಳನ್ನು ಒಳಗೆ ಬಿಟ್ಟುದು ಗಡ್ಡವಲ್ಲ, ತೋಳು. ಹೆರಳು ಕಂಡಮೇಲೂ ಬಿಲ್ಲು ಅವಳ ಕೈಯಲ್ಲಿಯೇ ಉಳಿಯಿತು. ನಮ್ಮ ಒರೆಗಲ್ಲಿಗೆ ಹಚ್ಚಿದರೆ ಇದು ಅಪ್ಪಟ ಚಿನ್ನ.

ಯಾರ ಇಚ್ಛೆಯ ವೇಷ?

ಎಲ್ಲ ವೇಷಗಳೂ ಹೀಗೆ ಸ್ವಂತ ಇಚ್ಛೆಯಿಂದ ಬಂದವಲ್ಲ. ಮಹಾಭಾರತದ ಶಿಖಂಡಿಯ ವೃತ್ತಾಂತವನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಭೀಷ್ಮನಿಂದ ಬಾಳು ಕೆಟ್ಟ ಅಂಬೆಯೇ ದ್ರುಪದನ ಮಗಳಾಗಿ ಮತ್ತೆ ಹುಟ್ಟಿದಳು. ತಂದೆತಾಯಿಗಳು ಅವಳನ್ನು ಮಗನೆಂದು ಸಾರಿ, ಮಗನಂತೆ ಬೆಳೆಸಿ, ದಶಾರ್ಣದ ರಾಜಕುಮಾರಿಯೊಡನೆ ಮದುವೆಯನ್ನೂ ಮಾಡಿಬಿಟ್ಟರು. ಗುಟ್ಟು ಹೊರಬಿದ್ದು ಯುದ್ಧವೇ ಒದಗಿದಾಗ, ನಾಚಿ ಕಾಡಿಗೆ ಹೋದ ಅವಳಿಗೆ ಸ್ಥೂಣಾಕರ್ಣನೆಂಬ ಯಕ್ಷನು ತನ್ನ ಗಂಡುತನವನ್ನು ಕೊಟ್ಟನು. ಆದರೂ ಕುರುಕ್ಷೇತ್ರದಲ್ಲಿ ಭೀಷ್ಮನಿಗೆ ಕಂಡುದು ಹಳೆಯ ಹೆಣ್ಣೇ. ಹೆಣ್ಣಿನೊಡನೆ ಕಾದಲಾರೆನೆಂದು ಅವನು ಬಾಣ ಬಿಡುವುದನ್ನು ನಿಲ್ಲಿಸಿದನು. ಶಿಖಂಡಿಯ ಪ್ರತಿಜ್ಞೆ ನೆರವೇರಿತು. ವೀರನೆಂಬ ಮನ್ನಣೆ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ.

ಇನ್ನು ಕೆಲವರು ವೇಷ ತೊಡುವುದು ಬದುಕಿಕೊಳ್ಳುವುದಕ್ಕಾಗಿ. ಎ. ಕೆ. ರಾಮಾನುಜನ್ ಅವರು ಕಿತ್ತೂರಿನ ಕಡೆ ಸಂಗ್ರಹಿಸಿದ 'ಹಂಚಿ'ಯ ಕಥೆ ಅಂಥದು. ಅಣ್ಣನ ಮನಸ್ಸೇ ಕೆಟ್ಟುದನ್ನು ಕಂಡ ತಾಯಿ, ಮಗಳ ಚೆಲುವನ್ನು ಮರೆಸಲು ಮಣ್ಣಿನ ಮುಖವಾಡವನ್ನು ಮಾಡಿಸಿ ಕೊಟ್ಟು ಅವಳನ್ನು ಮನೆಯಿಂದ ಕಳಿಸಿಬಿಡುತ್ತಾಳೆ. ಹಂಚಿ ಗಂಡುವೇಷ ಹಾಕಲಿಲ್ಲ. ಆದರೆ ಅವಳ ಮುಖವಾಡವೂ ಗಂಡುಡುಗೆಯ ಒಡಹುಟ್ಟೇ ಸರಿ. ದಾರಿಯಲ್ಲಿ ಒಂಟಿ ಹೆಣ್ಣಿಗೆ ತನ್ನ ಮುಖವೇ ಶತ್ರುವಾಗುವ ಲೋಕವಿದ್ದರೆ, ತಪ್ಪು ಮುಖದ್ದಲ್ಲ, ಲೋಕದ್ದು.

ನ್ಯಾಯಾಸನದ ಮುಂದೆ

ಷೇಕ್ಸ್‌ಪಿಯರನ ನಾಟಕಗಳಲ್ಲಿ ಹೆಣ್ಣು ಗಂಡಾಗುವುದು ಪದೇ ಪದೇ ಕಾಣುತ್ತದೆ. ಮಾಸ್ತಿಯವರು 'ದ್ವಾದಶರಾತ್ರಿ'ಯೆಂದು ಕನ್ನಡಿಸಿದ ನಾಟಕದ ವಯೋಲಾ, ಹಡಗೊಡೆದು ಪರದೇಶದ ದಡ ಸೇರಿ, ಸೆಸಾರಿಯೋ ಎಂಬ ಹುಡುಗನಾಗಿ ಊಳಿಗಕ್ಕೆ ನಿಲ್ಲುತ್ತಾಳೆ. ಗಡೀಪಾರಾದ ರಾಸಲಿಂಡ್ ಗ್ಯಾನಿಮೀಡನಾಗಿ ಕಾಡು ಸೇರುತ್ತಾಳೆ. ಇವರೆಲ್ಲರಿಗಿಂತ ದೊಡ್ಡ ಸಾಹಸ ಪೋರ್ಷಿಯಾಳದು. ವಕೀಲನ ನಿಲುವಂಗಿ ತೊಟ್ಟು ವೆನಿಸ್ಸಿನ ನ್ಯಾಯಸಭೆಗೆ ಬಂದು, ಒಂದು ಪೌಂಡು ಮಾಂಸವನ್ನು ಕೊಯ್ದುಕೋ, ಆದರೆ ಒಂದು ತೊಟ್ಟು ರಕ್ತವೂ ಚೆಲ್ಲಕೂಡದೆಂಬ ವಾದದಿಂದ ಗಂಡನ ಗೆಳೆಯನ ಪ್ರಾಣವನ್ನು ಉಳಿಸುತ್ತಾಳೆ. ಸಭೆಯೆಲ್ಲ ಆ ತರುಣ ಪಂಡಿತನನ್ನು ಕೊಂಡಾಡುತ್ತದೆ; ಆ ಪಂಡಿತ ಹೆಂಗಸೆಂದು ಸಭೆಗೆ ತಿಳಿಯುವುದೇ ಇಲ್ಲ. ಮನೆಗೆ ಮರಳಿದ ಮೇಲೆ ಉಂಗುರದ ನೆವದಿಂದ ಅವಳು ಗಂಡನನ್ನು ಕಾಡಿಸಬಹುದು, ನಗಿಸಬಹುದು. ನಾಳೆ ಮತ್ತೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವಂತಿಲ್ಲ.

ಇದು ನಾಟಕದ ಮಾತಾಯಿತು. ನಿಜಜೀವನದಲ್ಲಿ ಪೋರ್ಷಿಯಾಳ ನಿಲುವಂಗಿಯನ್ನು ಹೆಣ್ಣು ಹೆಣ್ಣಾಗಿಯೇ ತೊಡಲು ಇಂಗ್ಲೆಂಡಿನಲ್ಲಿ 1919ರ ಶಾಸನ ಬರಬೇಕಾಯಿತು. ನಮ್ಮ ದೇಶದಲ್ಲಿ 1916ರಲ್ಲಿ ರೆಜಿನಾ ಗುಹಾ ಎಂಬ ಕಾಯಿದೆಯ ಪದವೀಧರೆ ವಕೀಲಿಗೆ ಅರ್ಜಿ ಹಾಕಿದಾಗ, ಹೆಂಗಸೆಂಬ ಕಾರಣದಿಂದಲೇ ಕಲಕತ್ತೆಯ ಹೈಕೋರ್ಟು ಅದನ್ನು ತಳ್ಳಿಹಾಕಿತು. 1923ರ ಕಾಯಿದೆ ಬಂದಮೇಲೆಯೇ ಆ ತಡೆ ನೀಗಿತು. ಇಂದು ಹಾವೇರಿಯ ನ್ಯಾಯಾಲಯದಲ್ಲಿ ಕರಿಯ ಕೋಟು ತೊಟ್ಟು ವಾದಿಸುವ ಹೆಣ್ಣುಮಗಳು ಯಾರ ಹೆಸರಿನಲ್ಲಿಯೂ ಅಡಗಿಕೊಳ್ಳಬೇಕಾಗಿಲ್ಲ. ಕಥೆಯ ಉಪಾಯವೊಂದು ಹಳೆಯದಾಯಿತೆಂದು ಸಂತೋಷಪಡಬೇಕಾದ ಪ್ರಸಂಗವಿದು.

ರಂಗಸ್ಥಳದ ವಿನೋದ

ಈ ಪೋರ್ಷಿಯಾಳ ಪಾತ್ರವನ್ನು ಷೇಕ್ಸ್‌ಪಿಯರನ ಕಾಲದಲ್ಲಿ ಆಡಿದವರು ಯಾರು? ಹುಡುಗರು! ಅಂದಿನ ಇಂಗ್ಲೆಂಡಿನ ನಾಟಕಶಾಲೆಗಳಲ್ಲಿ ಹೆಂಗಸರು ರಂಗವೇರುತ್ತಿರಲಿಲ್ಲ. ಹುಡುಗನು ಹೆಣ್ಣಾಗಿ ಬಂದು, ಆ ಹೆಣ್ಣು ಮತ್ತೆ ಹುಡುಗನಾಗುವುದನ್ನು ನಟಿಸಬೇಕಾಗಿತ್ತು. ನಮ್ಮ ಕಂಪನಿ ನಾಟಕಗಳ ಮೊದಲ ಕಾಲವೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ನೂರನ್ನು ದಾಟಿ ಬಾಳಿದ ಏಣಗಿ ಬಾಳಪ್ಪನವರಂಥ ಹಿರಿಯ ನಟರೂ ಎಳೆವಯಸ್ಸಿನಲ್ಲಿ ಸೀರೆಯುಟ್ಟು ಸ್ತ್ರೀಪಾತ್ರಗಳನ್ನು ಮಾಡಿಯೇ ಮೇಲೆ ಬಂದವರು.

ಪ್ರೇಕ್ಷಕರ ಮನೋಧರ್ಮದಲ್ಲಿ ಒಂದು ವಿಚಿತ್ರವುಂಟು. ಕೀಚಕವಧೆಯ ಪ್ರಸಂಗದಲ್ಲಿ ಭೀಮಸೇನನು ಸೀರೆಯುಟ್ಟು ಬಂದರೆ ಆಟದ ಕಣವೆಲ್ಲ ನಗೆಯಲ್ಲಿ ತೇಲುತ್ತದೆ. ಹೆಣ್ಣು ರುಮಾಲು ಸುತ್ತಿ ಬಂದರೆ ಯಾರೂ ನಗುವುದಿಲ್ಲ. ಎಲ್ಲಿ ಸಿಕ್ಕಿಬೀಳುವಳೋ ಎಂದು ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಗಂಡಿಗೆ ವೇಷ ಆಟ. ಹೆಣ್ಣಿಗೆ ಅದು ಗಂಡಾಂತರ. ಈ ಭೇದವನ್ನು ಯಾವ ಶಾಸ್ತ್ರಗ್ರಂಥವೂ ನಮಗೆ ಕಲಿಸಲಿಲ್ಲ, ಬದುಕೇ ಕಲಿಸಿದೆ.

ಆ ಭಯವನ್ನು ರಂಗದಿಂದಲೇ ಓಡಿಸಿದ ಕೀರ್ತಿ ಆರ್. ನಾಗರತ್ನಮ್ಮನವರಿಗೆ ಸಲ್ಲಬೇಕು. ಗುಬ್ಬಿ ಕಂಪನಿಯಲ್ಲಿ ಪಳಗಿದ ಅವರು 1958ರಲ್ಲಿ ಹೆಂಗಸರದೇ ಆದ 'ಸ್ತ್ರೀ ನಾಟಕ ಮಂಡಳಿ'ಯನ್ನು ಕಟ್ಟಿದರು. ಕಂಸ, ರಾವಣ, ದುರ್ಯೋಧನ, ಭೀಮ - ಇವರೆಲ್ಲರೂ ಆ ಮಂಡಳಿಯಲ್ಲಿ ಹೆಂಗಸರೇ. ಗದೆ ಹಿಡಿದು ಗರ್ಜಿಸುವ ಕಂಸನು ನಾಗರತ್ನಮ್ಮನೆಂದು ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿದ್ದೇ ಜನ ನೋಡಲು ಬಂದರು. 2012ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅದೇ ವರ್ಷ ಅವರು ತೀರಿಕೊಂಡರು. ಗುಟ್ಟಿಲ್ಲದೆಯೂ ಪುರುಷವೇಷ ಗೆಲ್ಲಬಲ್ಲುದೆಂಬುದನ್ನು ತೋರಿಸಿಕೊಟ್ಟುದು ಅವರ ದೊಡ್ಡ ಸಾಧನೆ.

ಹೆಸರಿಗೂ ಒಂದು ರುಮಾಲು

ವೇಷವೆಂದರೆ ಬಟ್ಟೆಯಷ್ಟೇ ಅಲ್ಲ. ಇಂಥ ನಾಯಿಕೆಯರನ್ನು ಸೃಷ್ಟಿಸಬೇಕಾದ ಲೇಖಕಿಯರೇ ಹೆಸರು ಮರೆಸಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಶಾರ್ಲಟ್ ಬ್ರಾಂಟೆಯ 'ಜೇನ್ ಏರ್' 1847ರಲ್ಲಿ ಹೊರಬಂದುದು ಕರರ್ ಬೆಲ್ ಎಂಬ ಹೆಸರಿನಿಂದ. ಮೇರಿ ಆನ್ ಇವಾನ್ಸ್ ಜಾರ್ಜ್ ಎಲಿಯಟ್ ಆದಳು. ನಮ್ಮ ಕೊಡಗಿನ ಗೌರಮ್ಮನವರು ಕಥೆಗಳಿಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಗಂಡನ ಹೆಸರನ್ನಿಟ್ಟು ಸಹಿ ಮಾಡಿದರು. 1939ರಲ್ಲಿ, ಮೂವತ್ತು ತುಂಬುವ ಮೊದಲೇ, ನೀರಿನಲ್ಲಿ ಮುಳುಗಿ ಅವರು ತೀರಿಕೊಂಡರು. ಇಂದು ಓದುಗರ ನಾಲಗೆಯ ಮೇಲಿರುವುದು ಅವರ ಸ್ವಂತ ಹೆಸರೇ. ಹೆರಳು ಕಂಡಿತು; ಲೇಖನಿಯನ್ನು ಯಾರೂ ಕಸಿಯಲಿಲ್ಲ.

ಒಂದು ಅಕ್ಷರದ ಸಾಹಸ

ಲೇಖನಿಯ ಮಾತು ಬಂದಮೇಲೆ, ಗುತ್ತಲದ ನೆರೆಯ ರಾಣೇಬೆನ್ನೂರಿನಲ್ಲಿ ಹುಟ್ಟಿದ ಹೆಳವನಕಟ್ಟೆ ಗಿರಿಯಮ್ಮನನ್ನು ನೆನೆಯದೆ ಇರಲಾಗದು. 18ನೆಯ ಶತಮಾನದ ಈ ಹರಿದಾಸ ಕವಯಿತ್ರಿಯ ಕೃತಿಗಳಲ್ಲಿ 'ಬ್ರಹ್ಮಕೊರವಂಜಿ' ಒಂದು. ದೇವರನ್ನೇ ಕಣಿ ಹೇಳುವ ಕೊರವಂಜಿಯ ವೇಷದಲ್ಲಿ ಮನೆಬಾಗಿಲಿಗೆ ಕರೆತರುವ ಹಾಡಿನ ಪರಂಪರೆ ಅದು. ಊರೂರು ತಿರುಗಿ, ಯಾರ ಅಂಗಳಕ್ಕಾದರೂ ಬಂದು, ಧೈರ್ಯವಾಗಿ ಮಾತಾಡುವ ಸ್ವಾತಂತ್ರ್ಯ ಬೇಕಾದಾಗ ದೇವರೂ ಹೆಣ್ಣಾಗಬೇಕಾಯಿತೆಂಬುದು ವಿನೋದದ ಮಾತೇ ಆದರೂ ಯೋಚಿಸತಕ್ಕದ್ದು.

ಗಿರಿಯಮ್ಮನ ಮತ್ತೊಂದು ಕೃತಿ 'ಚಂದ್ರಹಾಸನ ಕಥೆ'. ಕುಂತಳದ ಮಂತ್ರಿ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲಿಯೇ ಅವನ ಮರಣಪತ್ರವನ್ನು ಕೊಟ್ಟು ತನ್ನ ಮಗನ ಬಳಿಗೆ ಕಳಿಸುತ್ತಾನೆ. ಬಂದವನಿಗೆ ವಿಷವನ್ನು ಕೊಡಬೇಕೆಂದು ಒಕ್ಕಣೆ. ತೋಟದಲ್ಲಿ ಮಲಗಿದ ತರುಣನನ್ನು ಮಂತ್ರಿಯ ಮಗಳು ವಿಷಯೆ ಕಾಣುತ್ತಾಳೆ, ಪತ್ರವನ್ನು ಓದುತ್ತಾಳೆ, ಕಣ್ಣ ಕಾಡಿಗೆಯಿಂದ 'ವಿಷ'ವನ್ನು 'ವಿಷಯೆ'ಯಾಗಿ ತಿದ್ದುತ್ತಾಳೆ. ಒಂದು ಜೀವ ಉಳಿಯಿತು. ಅವಳ ಮದುವೆಯೂ ಆಯಿತು.

ವಿಷಯೆ ಕುದುರೆ ಹತ್ತಲಿಲ್ಲ, ರುಮಾಲು ಸುತ್ತಲಿಲ್ಲ. ಸೀರೆಯಲ್ಲಿಯೇ ಇದ್ದು, ಹೆಂಗಸರ ಕಾಡಿಗೆಯನ್ನೇ ಮಸಿಯಾಗಿ ಮಾಡಿಕೊಂಡು, ತಂದೆಯ ಆಜ್ಞೆಯನ್ನು ತಿದ್ದಿದಳು. ಅದಕ್ಕೆ ಅವಳಿಗೆ ಬೇಕಾಗಿದ್ದುದು ಒಂದೇ: ಅಕ್ಷರಜ್ಞಾನ. ಓದಲು ಬಾರದಿದ್ದರೆ, ಎಷ್ಟೇ ಪ್ರೀತಿಯಿದ್ದರೂ, ಆ ಪತ್ರವನ್ನು ಮಡಿಚಿ ಮತ್ತೆ ಅವನ ಸೆರಗಿಗೆ ಕಟ್ಟಿ ಸುಮ್ಮನಾಗುತ್ತಿದ್ದಳು.

ಕಾದಂಬರಿಕಾರರು ರುಮಾಲು ಜಾರಿಸುವ ಸನ್ನಿವೇಶವನ್ನು ಬಿಡಬೇಕೆಂದು ಯಾರೂ ಹೇಳಲಾರರು. ಅದರ ರಸವನ್ನು ಬಿಟ್ಟುಕೊಡಲು ನಾವೂ ಸಿದ್ಧರಿಲ್ಲ. ಆದರೆ ಅಂಥ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುವ ಹುಡುಗಿ ಮನೆಯಲ್ಲಿದ್ದರೆ, ಮುಂದಿನ ಕಂತನ್ನು ನಾವು ಓದಿಹೇಳದೆ, ಪುಸ್ತಕವನ್ನು ಅವಳ ಕೈಗೇ ಕೊಡುವುದು ಒಳ್ಳೆಯದು.