ಹಸಿರು ಪಕ್ಷವಿಲ್ಲದ ಬೆಟ್ಟದಲ್ಲಿ ಕಾಡು ಕಾಯುವವರು ಯಾರು?

ಪರಿಸರ ರಕ್ಷಣೆಯನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ಚುನಾವಣೆಗೆ ನಿಲ್ಲುವ ಪಕ್ಷಗಳನ್ನು ಹಸಿರು ಪಕ್ಷಗಳೆನ್ನುತ್ತಾರೆ. ಜರ್ಮನಿಯಲ್ಲಿ ಇಂಥದೊಂದು ಪಕ್ಷ 1998ರಲ್ಲಿ ಸಮ್ಮಿಶ್ರ ಸರಕಾರ ಸೇರಿತು. ಗಾಳಿ, ಬಿಸಿಲಿನ ವಿದ್ಯುತ್ತಿಗೆ ನೆರವಾಗುವ ಕಾನೂನು 2000ರಲ್ಲಿ ಬಂತು. ಅಣು ವಿದ್ಯುತ್ ಸ್ಥಾವರಗಳನ್ನು ಹಂತ ಹಂತವಾಗಿ ಮುಚ್ಚುವ ಕಾನೂನು 2002ರಲ್ಲಿ ಬಂತು. ಮುಂದೆ ಬಂದ ಸರಕಾರ 2010ರಲ್ಲಿ ಗಡುವನ್ನು ಮುಂದೂಡಿತು. 2011ರ ಫುಕುಶಿಮಾ ದುರಂತದ ನಂತರ ಅದೇ ಸರಕಾರ ಮನಸ್ಸು ಬದಲಿಸಿತು. ಕೊನೆಯ ಸ್ಥಾವರಗಳು ಮುಚ್ಚಿದ್ದು 2023ರ ಏಪ್ರಿಲ್‌ನಲ್ಲಿ.

ನಮ್ಮ ದೇಶದಲ್ಲಿ ಕೇಂದ್ರದಲ್ಲಾಗಲಿ ರಾಜ್ಯಗಳಲ್ಲಾಗಲಿ ಇಂಥ ಪಕ್ಷ ಅಧಿಕಾರ ಹಿಡಿದಿಲ್ಲ. ಹಾಗಿದ್ದರೂ ನೀಲಗಿರಿಯಲ್ಲಿ ಹಸಿರು ಕ್ರಮಗಳಿಗೆ ಕೊರತೆಯಿಲ್ಲ. ಇಲ್ಲಿ ಅವು ಅಧಿಕಾರಿಗಳಿಂದ, ನ್ಯಾಯಾಲಯಗಳಿಂದ ಬಂದವು.

ಜಿಲ್ಲಾಡಳಿತ 2000ರ ಸುಮಾರಿಗೇ ಪ್ಲಾಸ್ಟಿಕ್ ಚೀಲದ ವಿರುದ್ಧ ಕ್ರಮ ಕೈಗೊಂಡಿತು. ಇಡೀ ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧ ಬಂದದ್ದು 2019ರ ಜನವರಿ 1ರಂದು. ಗೂಡಲೂರಿನಿಂದ ಗುಂಡ್ಲುಪೇಟೆಗೆ ಹೋಗುವವರಿಗೆಲ್ಲ ಬಂಡೀಪುರದ ರಾತ್ರಿ ಸಂಚಾರ ನಿಷೇಧ ಗೊತ್ತು. ಚಾಮರಾಜನಗರ ಜಿಲ್ಲಾಧಿಕಾರಿ 2009ರ ಜೂನ್‌ನಲ್ಲಿ ಅದನ್ನು ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂಪಡೆದರು. ಮರಳಿ ಜಾರಿಗೆ ತಂದದ್ದು ಕರ್ನಾಟಕ ಹೈಕೋರ್ಟ್. 2010ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು.

ಮಸಿನಗುಡಿ ಸುತ್ತಲಿನ ಸಿಗೂರು ಆನೆ ದಾರಿಯ ಕಥೆಯೂ ಹೀಗೆಯೇ. ರಾಜ್ಯ ಸರಕಾರ 2010ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮದ್ರಾಸ್ ಹೈಕೋರ್ಟ್ 2011ರಲ್ಲಿ ಅದನ್ನು ಒಪ್ಪಿತು. ಸುಪ್ರೀಂ ಕೋರ್ಟ್ 2018ರಲ್ಲಿ ಹಲವು ರೆಸಾರ್ಟ್‌ಗಳಿಗೆ ಬೀಗ ಹಾಕಲು ಆದೇಶಿಸಿತು. 2020ರ ಅಕ್ಟೋಬರ್ 14ರಂದು ಅಧಿಸೂಚನೆಯನ್ನು ಎತ್ತಿಹಿಡಿದು, ಜಮೀನು ಮಾಲೀಕರ ಆಕ್ಷೇಪಣೆ ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿ ನೇಮಿಸಿತು.

ಆನೆಗೆ ದಾರಿ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ವ್ಯತ್ಯಾಸ ಗಮನಿಸಿ. ಪಕ್ಷ ತಂದ ಕಾನೂನಿಗೆ ಚುನಾವಣೆಯಲ್ಲಿ ಜನ ಲೆಕ್ಕ ಕೇಳಬಹುದು. ನ್ಯಾಯಾಲಯದ ಆದೇಶ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅದಕ್ಕೆ ಓಟು ಹಾಕಲು ಬರುವುದಿಲ್ಲ. ರೆಸಾರ್ಟಿಗೆ ಬೀಗ ಬಿದ್ದರೆ ಅಲ್ಲಿ ಅಡುಗೆ ಮಾಡುವವರು, ಜೀಪು ಓಡಿಸುವವರು ತಮ್ಮ ಕಷ್ಟ ಯಾರಲ್ಲಿ ಹೇಳಬೇಕು?

ಜನರ ಮಾತಿಗೆ ಕಾನೂನಿನ ಬಲವಿರುವ ಜಾಗ ಗ್ರಾಮಸಭೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಕಾಡಿನ ಹಕ್ಕಿನ ಅರ್ಜಿ ಆರಂಭವಾಗುವುದೇ ಅಲ್ಲಿ. ಹಸಿರು ಪಕ್ಷ ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆನೆ ದಾರಿಯ ಮಾತೂ ಬರಲಿ, ಕೂಲಿಯ ಮಾತೂ ಬರಲಿ. ತಮಿಳಿನಲ್ಲೋ ಕನ್ನಡದಲ್ಲೋ, ಹೇಳಿದ್ದು ಬರಹದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.