ಬಸ್ಸಿನಲ್ಲಿ ಓದಿದ ಕತೆ, ಬಸ್‌ಸ್ಟ್ಯಾಂಡಿನಲ್ಲಿ ನಡೆದ ಕತೆ

ಕಾರ್ಕಳದಲ್ಲಿ ಉಡುಪಿ ಬಸ್ಸು ಹತ್ತಿದರೆ ಒಂದು ಗಂಟೆ ಪುರುಸೊತ್ತು. ಮೊನ್ನೆ ಕಿಟಕಿ ಬದಿಯ ಸೀಟು, ಕೈಯಲ್ಲಿ ಒಂದು ಕಾದಂಬರಿ. ಹೊಸತಾಗಿ ಮದುವೆಯಾದ ಹೆಣ್ಣಿಗೆ ಗಂಡನ ಪೆಟ್ಟಿಗೆಯಲ್ಲಿ ಬೇರೆ ಹೆಸರಿನ ಕಾಗದಗಳು ಸಿಗುತ್ತವೆ. ಹಾಗಾದರೆ ಈತ ಯಾರು? ಹಿರಿಯಡ್ಕ ದಾಟಿದ್ದು ಗೊತ್ತಾಗಲಿಲ್ಲ. ಕಂಡಕ್ಟರ್ "ಮಣಿಪಾಲ" ಅಂತ ಬೊಬ್ಬೆ ಹೊಡೆದಾಗಲೇ ಎಚ್ಚರ.

ಪಕ್ಕದಲ್ಲಿದ್ದ ಅಂಗಡಿ ಯಜಮಾನರಿಗೆ ಕತೆ ಹೇಳಿದೆ. "ಇಂಥದ್ದೆಲ್ಲ ಪುಸ್ತಕದಲ್ಲಿ ಮಾತ್ರ ಮಾರಾಯ್ರೆ. ನಿಜವಾದ ಹೆಸರು ಗೊತ್ತಿಲ್ಲದೆ ಯಾರಾದರೂ ಮದುವೆಗೆ ಒಪ್ತಾರಾ?" ಅಂದರು.

ಒಪ್ಪಿದ್ದಾರೆ. ನಮ್ಮ ಪಕ್ಕದ ಜಿಲ್ಲೆಯಲ್ಲೇ.

2009ರ ಅಕ್ಟೋಬರಿನಲ್ಲಿ ಪೊಲೀಸರು ಹಿಡಿದ ಮೋಹನ್ ಕುಮಾರ್ ಬಂಟ್ವಾಳ ಕಡೆಯವ, ಮೊದಲು ಪ್ರಾಥಮಿಕ ಶಾಲೆಯ ಮಾಸ್ತರ. ಜನ ಇಟ್ಟ ಹೆಸರು ಸಯನೈಡ್ ಮೋಹನ್. ಒಬ್ಬೊಬ್ಬಳಿಗೆ ಒಂದೊಂದು ಹೆಸರು ಹೇಳುತ್ತಿದ್ದ. ಮದುವೆಯ ಆಸೆ ಹುಟ್ಟಿಸಿ ದೂರದ ಊರಿನ ಲಾಡ್ಜಿಗೆ ಕರೆದೊಯ್ಯುವುದು, ಒಡವೆ ಕೋಣೆಯಲ್ಲೇ ಬಿಡಿಸುವುದು, ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಗರ್ಭ ತಡೆಯುವ ಮಾತ್ರೆ ಅಂತ ಸಯನೈಡ್ ಕೊಡುವುದು. ಮೈಸೂರು, ಮಡಿಕೇರಿ ಮುಂತಾದ ಕಡೆ ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಹೆಣ ಸಿಕ್ಕರೂ ಗುರುತು ಸಿಗುತ್ತಿರಲಿಲ್ಲ. ಅವನ ಮೇಲೆ ಬಿದ್ದದ್ದು 20 ಮಹಿಳೆಯರ ಕೊಲೆಯ ಕೇಸು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಕೋರ್ಟು ಮರಣದಂಡನೆ ವಿಧಿಸಿತು. 2017ರಲ್ಲಿ ಒಂದು ಪ್ರಕರಣದಲ್ಲಿ ಹೈಕೋರ್ಟು ಅದನ್ನು ಸಾಯುವ ತನಕದ ಸೆರೆವಾಸಕ್ಕೆ ಇಳಿಸಿತು.

ಇಷ್ಟು ಜನ ಕಾಣೆಯಾದರೂ ಗದ್ದಲ ಏಕೆ ಆಗಲಿಲ್ಲ? ಹೆಚ್ಚಿನವರು ಬಡ ಮನೆಯವರು, ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದವರು. ಓಡಿಹೋದಳು ಅಂದರೆ ಮರ್ಯಾದೆ ಪ್ರಶ್ನೆ. ಎಲ್ಲೋ ಸುಖವಾಗಿದ್ದಾಳೆ ಅಂದುಕೊಂಡರೆ ಮನಸ್ಸಿಗೂ ಸಮಾಧಾನ. ಠಾಣೆಯ ಮೆಟ್ಟಿಲು ಹತ್ತುವವರು ಯಾರು? ಆ ಮೌನವೇ ಅವನಿಗೆ ರಕ್ಷೆಯಾಯಿತು.

ಗಿರೀಶ ಕಾರ್ನಾಡರ 1988ರ ನಾಟಕ 'ನಾಗಮಂಡಲ' ನೆನಪಾಯಿತು. ಹಗಲು ಬೈಯುವ ಗಂಡ, ರಾತ್ರಿ ಅದೇ ರೂಪದಲ್ಲಿ ಪ್ರೀತಿಯಿಂದ ಬರುವ ನಾಗ. ರಾಣಿಗೆ ಸಂಶಯ ಬಂದರೂ ಪ್ರಶ್ನೆ ಕೇಳುವ ಹಾಗಿಲ್ಲ. ನಾಟಕದ ನಾಗನಿಗೆ ಪ್ರೀತಿಯಾದರೂ ಇತ್ತು. ಬಸ್‌ಸ್ಟ್ಯಾಂಡಿನ ನಾಗನಿಗೆ ಬೇಕಾದದ್ದು ಒಡವೆ. ಆದರೆ ಇಬ್ಬರಿಗೂ ಅನುಕೂಲವಾದದ್ದು ಹೆಣ್ಣು ಪ್ರಶ್ನೆ ಕೇಳದೆ ಇದ್ದದ್ದು.

ಅಂಗಡಿಯಲ್ಲಿ ಐನೂರು ರೂಪಾಯಿ ಸಾಮಾನು ಕಡ ಕೊಡುವಾಗ ಊರು, ಮನೆ, ತಂದೆಯ ಹೆಸರು ಎಲ್ಲ ವಿಚಾರಿಸುತ್ತೇವೆ. ಮಗಳ ವಿಷಯದಲ್ಲಿ "ವರದಕ್ಷಿಣೆ ಬೇಡ" ಅಂದ ಕೂಡಲೇ ಬಾಯಿ ಮುಚ್ಚುತ್ತೇವೆ. ಕೇಳಿದರೆ ಸಂಬಂಧ ತಪ್ಪೀತು ಅನ್ನುವ ಭಯ. ಕೇಳಿದ್ದಕ್ಕೇ ತಪ್ಪುವ ಸಂಬಂಧ ಉಳಿದು ಮಾಡುವುದೇನು? ಮನೆ ಬಿಟ್ಟು ಹೋದವಳ ಸುದ್ದಿ ಬಾರದಿದ್ದರೆ ನಾಚಿಕೆ ಬಿಟ್ಟು ದೂರು ಕೊಡಬೇಕು.

ಉಡುಪಿ ಬಂತು. ಯಜಮಾನರಿಗೆ ಕಾಪು ಬಸ್ಸು ಹಿಡಿಯುವ ಅವಸರ. ಆದರೂ ನಿಂತು ಪುಸ್ತಕ ಕೇಳಿದರು.

"ಓದಿ ವಾಪಸು ಕೊಡ್ತೇನೆ. ನನಗಲ್ಲ, ಮಗಳಿಗೆ."